ಎಚ್-ಇಂಡೆಕ್ಸ್ ಕೇಳಿದ್ದಾರೆ, ಎಲ್ಲಿಂದ ಶುರು ಮಾಡೋಣ?

ಜುಲೈ ತಿಂಗಳ ಒಂದು ಮಧ್ಯಾಹ್ನ. ಮಡಿಕೇರಿಯಲ್ಲಿ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ, ಕರೆಂಟ್ ಬೆಳಿಗ್ಗೆಯೇ ಹೋಗಿತ್ತು. ಸಸ್ಯಶಾಸ್ತ್ರದ ಮೇಡಂ ಒಬ್ಬರು ಕೊಡೆ ಮಡಚಿ ಬಾಗಿಲ ಮೂಲೆಗಿಟ್ಟು ಲೈಬ್ರರಿಯೊಳಗೆ ಬಂದರು. ಕೈಯಲ್ಲಿ ಬಡ್ತಿಯ ಅರ್ಜಿ.

"ಸಾರ್, ಇದರಲ್ಲಿ ಎಚ್-ಇಂಡೆಕ್ಸ್ ಅಂತ ಒಂದು ಕಾಲಂ ಇದೆ. ನಂದು ಎಷ್ಟು ಅಂತ ನೋಡಿ ಹೇಳ್ತೀರಾ? ಈ ವಾರ ಕೊನೆ."

"ಕೂತ್ಕೊಳ್ಳಿ ಮೇಡಂ. ನೆಟ್ ಇಲ್ಲ, ಪೆನ್ನು ಇದೆ."

ಎಚ್-ಇಂಡೆಕ್ಸ್ ಅಂದರೆ ಒಬ್ಬರ ಸಂಶೋಧನಾ ಪೇಪರ್‌ಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸಿದ್ದಾರೆ ಅಂತ ಒಂದೇ ಅಂಕಿಯಲ್ಲಿ ಹೇಳುವ ಅಳತೆ. ಲೈಬ್ರರಿಯಲ್ಲಿ ಕೂತವನಿಗೆ ಈ ಪ್ರಶ್ನೆ ವರ್ಷಕ್ಕೆ ಹತ್ತು ಸಲ ಬರುತ್ತದೆ. ಬಡ್ತಿಗೆ ಅರ್ಜಿ ಹಾಕುವವರು ಕೇಳುತ್ತಾರೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಪರಿಶೀಲನೆಗೆ ಮುಂಚೆ ಕಾಲೇಜು ಕೇಳುತ್ತದೆ. ಪಿಎಚ್‌ಡಿಗೆ ಗೈಡ್ ಹುಡುಕುವ ಮಕ್ಕಳೂ ಈಗ ಕೇಳುತ್ತಾರೆ. ಅವತ್ತೂ ಮರುದಿನವೂ ಮೇಡಂ ಜೊತೆ ಕೂತು ಮಾಡಿದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಅವರ ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ, ಅಂಕಿಗಳನ್ನೂ ಲೆಕ್ಕಕ್ಕೆ ಸುಲಭವಾಗಲಿ ಅಂತ ತಿದ್ದಿದ್ದೇನೆ.

1. ಮೊದಲು ಹೆಸರು ಸರಿಮಾಡಿ

ಸೈಟೇಶನ್ ಅಂದರೆ ನಿಮ್ಮ ಪೇಪರನ್ನು ಇನ್ನೊಬ್ಬರು ತಮ್ಮ ಪೇಪರಿನಲ್ಲಿ ಉಲ್ಲೇಖಿಸುವುದು, ಅಷ್ಟೇ. ಆದರೆ ಉಲ್ಲೇಖ ಯಾರ ಖಾತೆಗೆ ಬೀಳುತ್ತದೆ ಅನ್ನುವುದನ್ನು ನಿರ್ಧರಿಸುವುದು ಹೆಸರು. ಕೊಡಗಿನಲ್ಲಿ ಹೆಸರಿನ ಗೋಜಲು ಒಂದು ಕೈ ಜಾಸ್ತಿ.

ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು, ಆಮೇಲೆ ಅಪ್ಪನ ಹೆಸರು, ಕೊನೆಗೆ ಸ್ವಂತ ಹೆಸರು. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಅವರ 'ಕೆ', ಜನರಲ್ ಕೆ.ಎಸ್. ತಿಮ್ಮಯ್ಯ ಅವರ 'ಕೆ' ಎರಡೂ ಕೊಡಂದೇರ ಒಕ್ಕದ್ದೇ. ಡೇಟಾಬೇಸ್‌ಗಳಿಗೆ ಇದೆಲ್ಲ ಎಲ್ಲಿ ಗೊತ್ತು? ಕೊನೆಯ ಪದವೇ ಮನೆತನದ ಹೆಸರು ಅಂದುಕೊಳ್ಳುತ್ತವೆ. ಅವುಗಳ ಕಣ್ಣಿಗೆ ಬೇರೆ ಬೇರೆ ಒಕ್ಕದ ಕಾರ್ಯಪ್ಪರೆಲ್ಲ ಒಂದೇ ಮನೆಯವರು. ಒಂದೇ ಒಕ್ಕದ ಅಣ್ಣತಮ್ಮಂದಿರು ಮಾತ್ರ ಪರಸ್ಪರ ಅಪರಿಚಿತರು!

ಇಂಗ್ಲಿಷ್ ಸ್ಪೆಲಿಂಗ್ ಇನ್ನೊಂದು ತಲೆನೋವು. ಕಾರ್ಯಪ್ಪ ಅನ್ನುವುದನ್ನು ಒಬ್ಬರು 'ಸಿ'ಯಿಂದ ಶುರು ಮಾಡುತ್ತಾರೆ, ಇನ್ನೊಬ್ಬರು 'ಕೆ'ಯಿಂದ. ತಿಮ್ಮಯ್ಯನಿಗೆ 'ಎಂ' ಒಂದೋ ಎರಡೋ, ಪೂಣಚ್ಚನಿಗೆ 'ಸಿ' ಒಂದೋ ಎರಡೋ, ಅವರವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಇಷ್ಟ. ಹೆಣ್ಣುಮಕ್ಕಳಿಗೆ ಮದುವೆಯಾದ ಮೇಲೆ ಒಕ್ಕ ಬದಲಾಗಿ ಇನಿಷಿಯಲ್ಲೂ ಬದಲಾಗುತ್ತದೆ. ನಮ್ಮ ಮೇಡಂ ಮದುವೆಗೆ ಮೊದಲು ನಾಲ್ಕು ಪೇಪರ್ ಬರೆದಿದ್ದರು, ಆಮೇಲೆ ಐದು. ಒಂದು ಡೇಟಾಬೇಸ್ ಅವರನ್ನು ಇಬ್ಬರು ಬೇರೆ ಬೇರೆ ವ್ಯಕ್ತಿಗಳೆಂದೇ ಇಟ್ಟುಕೊಂಡಿತ್ತು.

ಇದಕ್ಕೆ ಮದ್ದು ಆರ್ಕಿಡ್ (ORCID) ಐಡಿ. 2012ರಲ್ಲಿ ಶುರುವಾದ ವ್ಯವಸ್ಥೆ ಇದು. ಸಂಶೋಧಕರಿಗೆ 16 ಅಂಕಿಯ ಒಂದು ಗುರುತಿನ ಸಂಖ್ಯೆ ಕೊಡುತ್ತದೆ, ಬಿಟ್ಟಿಯಾಗಿ. ಹೆಸರು, ಊರು, ಕೆಲಸ ಏನು ಬದಲಾದರೂ ಸಂಖ್ಯೆ ಅದೇ. ಹತ್ತು ನಿಮಿಷದ ಕೆಲಸ, ಇವತ್ತೇ ಮಾಡಿ. ಆಮೇಲೆ ಸಂಶೋಧನಾ ಬರಹ ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಒಂದು ಪ್ರೊಫೈಲ್, ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ 'ವಿದ್ವಾನ್'ನಲ್ಲಿ ಒಂದು. ಮೂರರಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ.

2. ಪಟ್ಟಿ ಶುಚಿ ಮಾಡಿ

ಸ್ಕಾಲರ್ ಪ್ರೊಫೈಲ್ ಹಸಿ ಕಾಫಿ ಇದ್ದ ಹಾಗೆ, ಆರಿಸದೆ ಕಣಕ್ಕೆ ಹಾಕಬಾರದು. ನಿಮ್ಮದೇ ಹೆಸರಿನ ಇನ್ಯಾರದೋ ಪೇಪರ್ ಒಳಗೆ ಬಂದಿರುತ್ತದೆ, ಒಂದೇ ಪೇಪರ್ ಎರಡು ಸಲ ಕೂತಿರುತ್ತದೆ. ಬೇರೆಯವರದ್ದನ್ನು ಅಳಿಸಿ, ಎರಡಾಗಿದ್ದನ್ನು ಸೇರಿಸಿ. ಕಣ್ಣುಚಿಕಿತ್ಸೆಯ ಬಗ್ಗೆ ಪೇಪರ್ ಬರೆದ ಇತಿಹಾಸದ ಮೇಷ್ಟ್ರ ಪ್ರೊಫೈಲನ್ನು ನಾನೇ ನೋಡಿದ್ದೇನೆ. ಪಾಪ, ಅವರಿಗೆ ಗೊತ್ತೇ ಇರಲಿಲ್ಲ.

3. ಎಲ್ಲಿಂದ ಎಣಿಸಿದಿರಿ ಅಂತ ಬರೆದಿಡಿ

ಉಲ್ಲೇಖ ಎಣಿಸುವ ಕೆಲಸಕ್ಕೆ ಅಡಿಪಾಯ ಹಾಕಿದವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ವಿಚಾರ ಮುಂದಿಟ್ಟರು. ಅವರು ಕಟ್ಟಿದ ಸೂಚಿಯೇ ಬೆಳೆದು ಇವತ್ತಿನ ವೆಬ್ ಆಫ್ ಸೈನ್ಸ್ ಆಗಿದೆ. 2004ರಲ್ಲಿ ಸ್ಕೋಪಸ್ ಬಂತು, ಅದೇ ವರ್ಷ ಗೂಗಲ್ ಸ್ಕಾಲರ್. 2022ರಲ್ಲಿ ಓಪನ್‌ಅಲೆಕ್ಸ್.

ಒಂದೊಂದರ ಬಲೆಯ ಕಣ್ಣು ಒಂದೊಂದು ಅಳತೆಯದ್ದು. ವೆಬ್ ಆಫ್ ಸೈನ್ಸ್, ಸ್ಕೋಪಸ್ ಎರಡೂ ಆರಿಸಿದ ಜರ್ನಲ್, ಪುಸ್ತಕ, ಸಮ್ಮೇಳನದ ಪೇಪರ್‌ಗಳನ್ನು ಮಾತ್ರ ಎಣಿಸುತ್ತವೆ, ಪೂರ್ತಿ ಬಳಸಲು ಚಂದಾ ಬೇಕು. ಸ್ಕಾಲರ್ ಪುಸ್ತಕ, ಪಿಎಚ್‌ಡಿ ಪ್ರಬಂಧ, ಸೆಮಿನಾರ್ ಪೇಪರ್ ಎಲ್ಲವನ್ನೂ ಬಾಚಿಕೊಳ್ಳುತ್ತದೆ, ಕಸವೂ ಬರುತ್ತದೆ. ಓಪನ್‌ಅಲೆಕ್ಸ್ ಬಿಟ್ಟಿ. ಮೇಡಂ ಅವರದ್ದು ಸ್ಕಾಲರ್‌ನಲ್ಲಿ 95 ಉಲ್ಲೇಖ, ಸ್ಕೋಪಸ್‌ನಲ್ಲಿ 58. ಎರಡೂ ಸುಳ್ಳಲ್ಲ. ಹಾಗಾಗಿ ಅಂಕಿಯ ಪಕ್ಕದಲ್ಲೇ ಮೂಲದ ಹೆಸರನ್ನೂ ನೋಡಿದ ತಾರೀಖನ್ನೂ ಬರೆಯಿರಿ. ಇಬ್ಬರನ್ನು ಹೋಲಿಸುವಾಗ ಒಬ್ಬರದ್ದು ಸ್ಕಾಲರ್‌ನಿಂದ, ಇನ್ನೊಬ್ಬರದ್ದು ಸ್ಕೋಪಸ್‌ನಿಂದ ತೆಗೆಯಲೇಬೇಡಿ.

4. ಎಚ್-ಇಂಡೆಕ್ಸ್ ಒಂದು ಸಲವಾದರೂ ಕೈಯಲ್ಲೇ ಲೆಕ್ಕ ಹಾಕಿ

ಕಂಪ್ಯೂಟರ್ ಹೇಳುತ್ತದೆ ನಿಜ. ಆದರೆ ಕೈಯಲ್ಲಿ ಹಾಕಿದವರಿಗೆ ಮಾತ್ರ ಅದು ಏನನ್ನು ಹೇಳುವುದಿಲ್ಲ ಅಂತ ಗೊತ್ತಾಗುತ್ತದೆ.

ಈ ಅಳತೆಯನ್ನು 2005ರಲ್ಲಿ ಸೂಚಿಸಿದವರು ಹೋರ್ಹೆ ಹಿರ್ಶ್, ಭೌತಶಾಸ್ತ್ರದವರು. ಪೇಪರ್‌ಗಳನ್ನು ಉಲ್ಲೇಖ ಜಾಸ್ತಿ ಇರುವುದರಿಂದ ಕಡಿಮೆ ಇರುವುದಕ್ಕೆ ಸಾಲಾಗಿ ಬರೆಯಿರಿ. ಮೇಡಂ ಅವರ ಒಂಬತ್ತು ಪೇಪರ್ ಹೀಗಿದ್ದವು:

41, 18, 12, 9, 6, 5, 3, 1, 0

ಈಗ ಮೇಲಿನಿಂದ ಒಂದು, ಎರಡು, ಮೂರು ಅಂತ ಬೆರಳಿಡುತ್ತಾ ಬನ್ನಿ. ನಾಲ್ಕನೆಯದಕ್ಕೆ 9, ನಾಲ್ಕಕ್ಕಿಂತ ಹೆಚ್ಚು, ಸರಿ. ಐದನೆಯದಕ್ಕೆ 6, ಇದೂ ಸರಿ. ಆರನೆಯದಕ್ಕೆ 5. ಆರಕ್ಕಿಂತ ಕಡಿಮೆ. ಅಲ್ಲಿಗೆ ನಿಲ್ಲಿಸಿ. ಎಚ್-ಇಂಡೆಕ್ಸ್ 5. ಅಂದರೆ ಕಡೇಪಕ್ಷ ಐದೈದು ಸಲ ಉಲ್ಲೇಖವಾದ ಐದು ಪೇಪರ್ ಇವೆ ಎಂದರ್ಥ.

ಮೇಡಂ ಕೂಡಲೇ ಕೇಳಿದರು: "ಆ 41 ಇದೆಯಲ್ಲ ಸಾರ್, ಅದು 410 ಆಗಿದ್ದರೆ?" ಆಗಲೂ 5. ಇದೇ ಇದರ ದೊಡ್ಡ ಕೊರತೆ. ಒಂದೇ ಒಂದು ಅದ್ಭುತ ಪೇಪರ್ ಬರೆದವರಿಗೆ ಎಚ್-ಇಂಡೆಕ್ಸ್ 1 ಬರಬಹುದು. ಇದನ್ನು ಸರಿದೂಗಿಸಲು 2006ರಲ್ಲಿ ಲಿಯೋ ಎಗ್ಗೆ ಅನ್ನುವವರು ಜಿ-ಇಂಡೆಕ್ಸ್ ತಂದರು. ಮೊದಲ ಇಷ್ಟು ಪೇಪರ್‌ಗಳ ಒಟ್ಟು ಉಲ್ಲೇಖ ಆ ಸಂಖ್ಯೆಯ ವರ್ಗದಷ್ಟಾದರೂ ಇರಬೇಕು ಅನ್ನುವುದು ಅದರ ಲೆಕ್ಕ. ಮೇಡಂ ಅವರ ಒಂಬತ್ತೂ ಪೇಪರ್ ಕೂಡಿಸಿದರೆ 95, ಒಂಬತ್ತರ ವರ್ಗ 81. ಹಾಗಾಗಿ ಜಿ-ಇಂಡೆಕ್ಸ್ 9. ಕಡೇಪಕ್ಷ ಹತ್ತು ಉಲ್ಲೇಖ ಇರುವ ಪೇಪರ್ ಎಷ್ಟು ಅಂತ ಹೇಳುವ ಐ10 ಗೂಗಲ್ ಸ್ಕಾಲರ್‌ನದ್ದು, ಇಲ್ಲಿ ಅದು 3.

ಇನ್ನೊಂದು ಗಮನಿಸಿ. ವರ್ಷ ಕಳೆದ ಹಾಗೆ ಎಚ್-ಇಂಡೆಕ್ಸ್ ಏರುತ್ತದೆಯೇ ಹೊರತು ತಾನಾಗಿ ಇಳಿಯುವುದಿಲ್ಲ. ರಿಟೈರ್ ಆಗಿ ತೋಟ ನೋಡಿಕೊಂಡಿರುವವರದ್ದೂ ಏರುತ್ತಲೇ ಇರಬಹುದು. ನಿನ್ನೆ ಕೆಲಸಕ್ಕೆ ಸೇರಿದವರನ್ನು ಅವರ ಜೊತೆ ತೂಗಿದರೆ ಯಾವ ನ್ಯಾಯ?

5. ತನ್ನ ಬೆನ್ನು ತಾನೇ ತಟ್ಟಿಕೊಂಡದ್ದನ್ನು ಕಳೆಯಿರಿ

ನಮ್ಮ ಹೊಸ ಪೇಪರಿನಲ್ಲಿ ನಮ್ಮ ಹಳೇ ಪೇಪರನ್ನೇ ಉಲ್ಲೇಖಿಸುವುದು ತಪ್ಪಲ್ಲ. ಒಂದೇ ದೇವರಕಾಡಿನಲ್ಲಿ ಹತ್ತು ವರ್ಷ ಮರ ಅಳೆದವರು ತಮ್ಮದೇ ಹಳೆಯ ಅಳತೆಯನ್ನು ಹೇಳದೆ ಹೇಗೆ ಬರೆಯುತ್ತಾರೆ? ಆದರೂ ಅದನ್ನು ಬೇರೆ ಮಾಡಿ ತೋರಿಸಬೇಕು. ಸ್ಕೋಪಸ್‌ನಲ್ಲಿ ಇದಕ್ಕೆ ಒಂದು ಗುಂಡಿ ಇದೆ. ಸ್ಕಾಲರ್‌ನಲ್ಲಿ ಇಲ್ಲ, ಕೂತು ಎಣಿಸಬೇಕು.

ಸ್ವಂತದ್ದು, ಸಹಲೇಖಕರದ್ದು ಕಳೆದ ಮೇಲೆ ಮೇಡಂ ಅವರ ಸಾಲು 36, 14, 9, 7, 4, 4, 1, 1, 0 ಆಯಿತು. ಒಟ್ಟು 76. ಎಚ್-ಇಂಡೆಕ್ಸ್ 4ಕ್ಕೆ ಬಂತು. ಅವರ ಮುಖ ಸ್ವಲ್ಪ ಸಣ್ಣಗಾಯಿತು. ಐದರಲ್ಲಿ ಒಂದು ಭಾಗ ಒಳಗಿನದು ಅಂದರೆ ಅವರಂಥ ಕ್ಷೇತ್ರಕಾರ್ಯದವರಿಗೆ ಮುಜುಗರದ ವಿಷಯವೇನಲ್ಲ. ಅರ್ಧಕ್ಕಿಂತ ಜಾಸ್ತಿ ಇದ್ದರೆ ಮಾತ್ರ ನಾನು ಹುಬ್ಬೇರಿಸುತ್ತೇನೆ.

ಅಂಕಿಗೆ ಮರುಳಾಗುವವರಿಗೆ ನಾನು ಹೇಳುವ ಕಥೆ ಒಂದಿದೆ. 2010ರಲ್ಲಿ ಫ್ರಾನ್ಸಿನ ಸಿರಿಲ್ ಲಬ್ಬೆ ಅನ್ನುವ ಸಂಶೋಧಕರು ಐಕ್ ಆಂಟ್‌ಕೇರ್ ಅಂತ ಇಲ್ಲದ ಮನುಷ್ಯನೊಬ್ಬನನ್ನು ಸೃಷ್ಟಿಸಿದರು. ಕಂಪ್ಯೂಟರ್ ಗೀಚಿದ ಅರ್ಥವಿಲ್ಲದ ನೂರಕ್ಕೂ ಹೆಚ್ಚು ಪೇಪರ್ ಅವನ ಹೆಸರಿನಲ್ಲಿ ನೆಟ್‌ಗೆ ಹಾಕಿದರು. ಎಲ್ಲವೂ ಒಂದನ್ನೊಂದು ಉಲ್ಲೇಖಿಸುವಂತೆ ಮಾಡಿದರು. ಗೂಗಲ್ ಸ್ಕಾಲರ್ ಲೆಕ್ಕದಲ್ಲಿ ಆ ಮಹಾನುಭಾವನ ಎಚ್-ಇಂಡೆಕ್ಸ್ 94! ಐನ್‌ಸ್ಟೈನ್ ಅವನ ಹಿಂದೆ.

6. ಉಲ್ಲೇಖಿಸಿದ ವಾಕ್ಯವನ್ನೇ ಓದಿ

ಇಲ್ಲಿಗೆ ಬರಲಿ ಅಂತಲೇ ಇಷ್ಟು ಹೊತ್ತು ಬರೆದೆ. ಎಲ್ಲರೂ ಬಿಟ್ಟುಬಿಡುವ ಹೆಜ್ಜೆಯೂ ಇದೇ.

ಸ್ಕಾಲರ್‌ನಲ್ಲಿ ಪ್ರತಿ ಪೇಪರಿನ ಕೆಳಗೆ ಅದನ್ನು ಉಲ್ಲೇಖಿಸಿದವರ ಪಟ್ಟಿಗೆ ಕೊಂಡಿ ಇರುತ್ತದೆ. ಅದನ್ನು ಒತ್ತಿ, ಒಂದೊಂದೇ ಪೇಪರ್ ತೆರೆದು, ನಿಮ್ಮ ಹೆಸರು ಬಂದ ವಾಕ್ಯ ಹುಡುಕಿ. ಸೆಮ್ಯಾಂಟಿಕ್ ಸ್ಕಾಲರ್‌ನಲ್ಲಿ ಇದು ಇನ್ನೂ ಸುಲಭ, ಎಷ್ಟೋ ಸಲ ಆ ವಾಕ್ಯವನ್ನೇ ಕಿತ್ತು ತೋರಿಸುತ್ತದೆ. ಹಿನ್ನೆಲೆಗೆ ಹೇಳಿದ್ದೋ, ವಿಧಾನ ಬಳಸಿದ್ದೋ ಅಂತಲೂ ವಿಂಗಡಿಸುತ್ತದೆ. ಪೇಪರ್ ಓದಲು ದುಡ್ಡು ಕೇಳಿದರೆ ನಿಮ್ಮದು ಸರ್ಕಾರಿ ಸಂಸ್ಥೆಯಾ ನೋಡಿಕೊಳ್ಳಿ. 2025ರ ಜನವರಿಯಿಂದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಯಲ್ಲಿ ಸರ್ಕಾರಿ ಕಾಲೇಜುಗಳಿಗೆ ಸಾವಿರಾರು ಜರ್ನಲ್ ಸಿಗುತ್ತಿವೆ.

ಮರುದಿನ ಕರೆಂಟ್ ಬಂತು, ನಾವಿಬ್ಬರೂ ಕೂತೆವು. ಮೊದಲು 36 ಹೊರಗಿನ ಉಲ್ಲೇಖ ಇದ್ದ ಪೇಪರ್. ಮೇಡಂಗೆ ಅದರ ಮೇಲೆ ಬಲು ಹೆಮ್ಮೆ. ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ ಥರದ ವಾಕ್ಯ: ಪಶ್ಚಿಮ ಘಟ್ಟದ ತೋಟಗಳಲ್ಲಿ ಮರಗಳ ವೈವಿಧ್ಯದ ಬಗ್ಗೆ ಅನೇಕ ಅಧ್ಯಯನಗಳಾಗಿವೆ, ಅಂತ ಹೇಳಿ ಆವರಣದೊಳಗೆ ಏಳು ಹೆಸರು. ಆ ಏಳರಲ್ಲಿ ಇವರದ್ದೊಂದು. ಮದುವೆ ಮನೆಯಲ್ಲಿ "ಎಲ್ಲರೂ ಬಂದಿದ್ರು" ಅಂತ ಹೇಳುವಾಗ ನಮ್ಮನ್ನೂ ಸೇರಿಸಿದ ಹಾಗೆ.

ಆಮೇಲೆ ಆ 6 ಉಲ್ಲೇಖದ ಪುಟ್ಟ ಪೇಪರ್ ತೆರೆದೆವು. ನೆರಳು ಮರಗಳ ಕೆಳಗೆ ಬೀಳುವ ತರಗೆಲೆಯನ್ನು ಮಳೆಗಾಲದಲ್ಲೂ ಕೊಳೆಯದಂತೆ ಹಿಡಿದು ತೂಗುವುದು ಹೇಗೆ ಅಂತ ಮೇಡಂ ಒಬ್ಬರೇ ಬರೆದದ್ದು. ಹೊರಗಿನವರು ನಾಲ್ವರೇ. ಅದರಲ್ಲಿ ಒಂದು ತಂಡ ಇವರ ವಿಧಾನವನ್ನು ಹಾಗೇ ತೆಗೆದುಕೊಂಡು ಬೇರೆ ದೇಶದ ಕಾಫಿ ತೋಟದಲ್ಲಿ ಎರಡು ವರ್ಷ ಕೆಲಸ ಮಾಡಿತ್ತು. ಒಂದು ಇಡೀ ಪ್ಯಾರಾ ಇವರ ಬಗ್ಗೆ. ಎಲೆ ಹಿಡಿಯುವ ಬಲೆಯ ಎತ್ತರ ಯಾಕೆ ಬದಲಿಸಿದೆವು ಅಂತ ಕಾರಣ ಸಮೇತ ವಾದ ಮಾಡಿದ್ದರು. ಮೇಡಂ ಅದನ್ನು ಎರಡು ಸಲ ಓದಿದರು. "ಇದು ನಂಗೆ ಗೊತ್ತೇ ಇರ್ಲಿಲ್ಲ ಸಾರ್" ಅಂದರು.

ಈಗ ಹೇಳಿ, 36 ದೊಡ್ಡದಾ, 4 ದೊಡ್ಡದಾ?

ಉಲ್ಲೇಖ ಅಂದರೆ ಹೊಗಳಿಕೆ ಅಂತಲೂ ಅಲ್ಲ. ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ಆಂಡ್ರೂ ವೇಕ್‌ಫೀಲ್ಡ್ ಪೇಪರ್ 1998ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು, 2010ರಲ್ಲಿ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ಅದಕ್ಕೆ ಉಲ್ಲೇಖಗಳ ರಾಶಿಯೇ ಇದೆ, ಬಹುಪಾಲು ಅದು ತಪ್ಪು ಅಂತ ಹೇಳಲು. ಯಂತ್ರಕ್ಕೆ ಬೈಗುಳವೂ ಒಂದು, ಬಹುಮಾನವೂ ಒಂದು.

ಎಲ್ಲವನ್ನೂ ಓದಲು ಪುರುಸೊತ್ತಿಲ್ಲವಾ? ಹೆಚ್ಚು ಉಲ್ಲೇಖವಾದ ಎರಡು, ನಿಮಗೆ ಇಷ್ಟವಾದ ಒಂದು, ಒಟ್ಟು ಮೂರು ಪೇಪರ್ ತೆಗೆದುಕೊಳ್ಳಿ. ಪ್ರತಿಯೊಂದಕ್ಕೆ ಹತ್ತು ವಾಕ್ಯ. ಪಕ್ಕದಲ್ಲಿ 'ಸುಮ್ನೆ ಹೆಸರು', 'ಬಳಸಿದ್ದಾರೆ', 'ಒಪ್ಪಿಲ್ಲ' ಅಂತ ಗುರುತು ಹಾಕಿ. ಒಂದು ಸಂಜೆಯ ಕೆಲಸ.

7. ಅರೇಬಿಕಾವನ್ನು ರೊಬಸ್ಟಾ ಜೊತೆ ತೂಗಬೇಡಿ

ಎಕರೆಗೆ ಎಷ್ಟು ಮೂಟೆ ಅಂತ ಕೇಳುವ ಮುಂಚೆ ಯಾವ ಗಿಡ ಅಂತ ಕೇಳುತ್ತೇವೆ, ಅಲ್ವಾ? ಇಲ್ಲೂ ಹಾಗೇ. ವೈದ್ಯಕೀಯದಲ್ಲಿ ಉಲ್ಲೇಖ ಬೇಗ ಬೇಗ, ರಾಶಿ ರಾಶಿ ಬರುತ್ತವೆ. ಗಣಿತದಲ್ಲಿ, ಇತಿಹಾಸದಲ್ಲಿ ನಿಧಾನ. ಮಡಿಕೇರಿಯ ಮೆಡಿಕಲ್ ಕಾಲೇಜಿನವರನ್ನೂ ಕನ್ನಡ ಅಧ್ಯಾಪಕರನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಇದಕ್ಕೆ ಸ್ಕೋಪಸ್‌ನಲ್ಲಿ ಒಂದು ಅಳತೆ ಇದೆ. ಅದೇ ವಿಷಯದ, ಅದೇ ವರ್ಷದ, ಅದೇ ಬಗೆಯ ಪೇಪರ್‌ಗಳ ಜಾಗತಿಕ ಸರಾಸರಿಯನ್ನು 1 ಅಂತ ಇಟ್ಟು ನಿಮ್ಮದನ್ನು ಅದಕ್ಕೆ ಹೋಲಿಸುತ್ತದೆ. 1.5 ಬಂದರೆ ಸರಾಸರಿಗಿಂತ ಅರ್ಧಪಟ್ಟು ಜಾಸ್ತಿ. ಪೇಪರ್ ಕಡಿಮೆ ಇದ್ದವರಿಗೆ ಈ ಅಂಕಿ ಜೋಕಾಲಿ ಆಡುತ್ತದೆ, ಜಾಸ್ತಿ ನಂಬಬೇಡಿ.

ಜರ್ನಲಿನ ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನು ವ್ಯಕ್ತಿಯ ಅಂಕವಾಗಿ ಬರೆಯುವುದಂತೂ ಬೇಡವೇ ಬೇಡ. ಅದು ಪತ್ರಿಕೆಯ ಎರಡು ವರ್ಷದ ಲೇಖನಗಳಿಗೆ ಬಂದ ಉಲ್ಲೇಖದ ಸರಾಸರಿ, ನಿಮ್ಮ ಪೇಪರಿನದ್ದಲ್ಲ. ಹೀಗೆ ಬಳಸಬೇಡಿ ಅಂತಲೇ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಜ್ಞಾನಿಗಳು, ಸಂಪಾದಕರು ಸೇರಿ 'ಡೋರಾ' ಘೋಷಣೆ ರೂಪಿಸಿದರು. ನಮ್ಮ ಅರ್ಜಿಗಳಿಗೆ ಆ ಸುದ್ದಿ ಇನ್ನೂ ತಲುಪಿದಂತಿಲ್ಲ.

8. ಯಾರ ಜೊತೆ ಕೆಲಸ ಮಾಡಿದಿರಿ, ಗೆರೆ ಎಳೆದು ನೋಡಿ

ಒಂದು ಬಿಳಿ ಹಾಳೆಯ ನಡುವೆ ನಿಮ್ಮ ಹೆಸರು. ಸುತ್ತ ಸಹಲೇಖಕರ ಹೆಸರು. ಜೊತೆಯಾಗಿ ಬರೆದ ಪ್ರತಿ ಪೇಪರಿಗೆ ಒಂದು ಗೆರೆ. ಅವರವರಲ್ಲೇ ಜೊತೆಯಾಗಿ ಬರೆದಿದ್ದರೆ ಅವರ ನಡುವೆಯೂ ಗೆರೆ. ಹಾಳೆ ಸಾಲದಷ್ಟು ಜನ ಇದ್ದರೆ ಲೈಡನ್ ವಿಶ್ವವಿದ್ಯಾಲಯದ 'ವಾಸ್‌ವ್ಯೂವರ್' ಅನ್ನುವ ಬಿಟ್ಟಿ ಸಾಫ್ಟ್‌ವೇರ್ ಇದೆ, ಚಿತ್ರ ಬಿಡಿಸಿ ಕೊಡುತ್ತದೆ.

ಮೇಡಂ ಹಾಳೆಯಲ್ಲಿ ಒಂಬತ್ತು ಹೆಸರು ಬಂದವು. ಒಂದು ಕಡೆಗೆ ಮಾತ್ರ ಆರು ಗೆರೆ ದಪ್ಪಗೆ, ಅದು ಅವರ ಗೈಡ್. ಗೈಡ್ ಹೆಸರಿನ ಮೇಲೆ ಬೆರಳು ಮುಚ್ಚಿ ನೋಡಿ, ಏನು ಉಳಿಯುತ್ತದೆ? ಇವರಿಗೆ ಮೂರು ಪೇಪರ್ ಉಳಿದವು. ಒಂದು ಒಬ್ಬರೇ ಬರೆದದ್ದು. ಇನ್ನೆರಡು ಮಣ್ಣಿನ ಕೆಲಸ ಮಾಡುವವರ ಜೊತೆ. ಸಸ್ಯದವರ ಗುಂಪಿಗೂ ಮಣ್ಣಿನವರ ಗುಂಪಿಗೂ ನಡುವೆ ಇದ್ದ ಏಕೈಕ ಗೆರೆ ಇವರೇ. ಇವರನ್ನು ತೆಗೆದರೆ ಎರಡು ಗುಂಪೂ ಬೇರೆ ಬೇರೆ. ಹೊಳೆಗೆ ಹಾಕಿದ ಪಾಲ, ಅಂದರೆ ಕಾಲುಸೇತುವೆ, ಇದ್ದಂತೆ. ಇಂಥ ಜಾಗದಲ್ಲಿ ನಿಂತವರ ಎಚ್-ಇಂಡೆಕ್ಸ್ ಚಿಕ್ಕದಿದ್ದರೂ ಕೆಲಸ ಚಿಕ್ಕದಲ್ಲ.

ಪಾಲು ಹಂಚಿಯೂ ನೋಡಬಹುದು. ನಾಲ್ವರು ಬರೆದ ಪೇಪರಿನಲ್ಲಿ ತಲಾ ಕಾಲು ಪಾಲು ಅಂತ ಲೆಕ್ಕ. ಮೇಡಂ ಅವರ ಒಂಬತ್ತು ಪೇಪರ್ ಹೀಗೆ ಹಂಚಿದರೆ 3.9 ಆಯಿತು. ಈ ಲೆಕ್ಕ ಯಾಕೆ ಬೇಕು ಅಂದರೆ, 2015ರಲ್ಲಿ ಹಿಗ್ಸ್ ಕಣದ ತೂಕದ ಬಗ್ಗೆ ಬಂದ ಒಂದು ಪೇಪರಿಗೆ 5,154 ಲೇಖಕರು! ಹೆಸರಿನ ಪಟ್ಟಿಯೇ ವಿಜ್ಞಾನಕ್ಕಿಂತ ಉದ್ದ. ಯಾರು ಏನು ಮಾಡಿದರು ಅಂತ ಹೇಳಲು ಈಗ 14 ಪಾತ್ರಗಳ 'ಕ್ರೆಡಿಟ್' ಪಟ್ಟಿ ಬಳಕೆಯಲ್ಲಿದೆ. ಮಾದರಿ ಸಂಗ್ರಹ, ವಿಶ್ಲೇಷಣೆ, ಕರಡು ಬರೆದದ್ದು, ದುಡ್ಡು ತಂದದ್ದು, ಹೀಗೆ. ನಿಮ್ಮ ಪಟ್ಟಿಗೂ ಇದನ್ನು ಹಾಕಿಕೊಳ್ಳಿ.

ಕೊಡಗಿನವನಾಗಿ ಒಂದು ಮಾತು. ನಮ್ಮ ದೇವರಕಾಡು, ಕಾಫಿ ತೋಟ, ನಾಗರಹೊಳೆಯ ಅಂಚು ಹೊರಗಿನ ಸಂಶೋಧಕರಿಗೆ ಬಲು ಇಷ್ಟ. ಬರಲಿ, ಒಳ್ಳೆಯದೇ. ಪೊನ್ನಂಪೇಟೆಯ ಅರಣ್ಯ ಕಾಲೇಜಿನವರು ಹೊರದೇಶದವರ ಜೊತೆ ಸಮಸಮವಾಗಿ ಹೆಸರು ಹಾಕಿ ಬರೆದದ್ದೂ ಇದೆ. ಆದರೆ ಜಿಗಣೆ ಕಚ್ಚಿಸಿಕೊಂಡು ಮರ ಅಳೆದ ಇಲ್ಲಿನ ಹುಡುಗನ ಹೆಸರು ಕೊನೆಯ 'ಧನ್ಯವಾದ' ಸಾಲಿಗೆ ಮಾತ್ರ ಹೋದದ್ದನ್ನೂ ನೋಡಿದ್ದೇನೆ. ಧನ್ಯವಾದವನ್ನು ಯಾವ ಇಂಡೆಕ್ಸೂ ಎಣಿಸುವುದಿಲ್ಲ. ಕೆಲಸ ಶುರುವಾಗುವ ಮುಂಚೆಯೇ ಹೆಸರು ಎಲ್ಲಿ ಬರುತ್ತದೆ ಅಂತ ಕೇಳಿ. ಸಂಕೋಚ ಬೇಡ.

9. ಬಲೆಗೆ ಬೀಳದ್ದನ್ನು ಬೇರೆ ಬರೆಯಿರಿ

ನಡಿಕೇರಿಯಂಡ ಚಿಣ್ಣಪ್ಪ ಅವರ ಕೊಡವ ಜನಪದ ಹಾಡುಗಳ ಸಂಗ್ರಹ 'ಪಟ್ಟೋಲೆ ಪಳಮೆ' 1924ರದ್ದು. ಕೊಡವ ಸಂಸ್ಕೃತಿಯ ಬಗ್ಗೆ ಬರೆಯುವವರು ಅದನ್ನು ಮುಟ್ಟದೆ ಮುಂದೆ ಹೋಗುವುದು ಕಷ್ಟ. ಅದನ್ನು ನೆಚ್ಚಿದ ಕನ್ನಡದ, ಕೊಡವ ತಕ್ಕ್‌ನ (ಕೊಡವ ಭಾಷೆಯ) ಬರಹಗಳು ಸ್ಕೋಪಸ್‌ಗೆ ಕಾಣುವುದೇ ಇಲ್ಲ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1952ರಲ್ಲಿ ಕೊಡವರ ಬಗ್ಗೆ ಪುಸ್ತಕ ಬರೆದು 'ಸಂಸ್ಕೃತೀಕರಣ' (ಕೆಳಗಿನವರೆನಿಸಿಕೊಂಡ ಜಾತಿಯವರು ಮೇಲಿನವರ ಆಚಾರ ಅನುಸರಿಸಿ ಮೇಲೇರಲು ನೋಡುವುದು) ಅನ್ನುವ ವಿಚಾರ ಮುಂದಿಟ್ಟರು. ಇವತ್ತು ಆ ಪದವನ್ನು ಪತ್ರಿಕೆಯವರೂ ಬಳಸುತ್ತಾರೆ, ಭಾಷಣದಲ್ಲೂ ಬರುತ್ತದೆ. ಎಷ್ಟು ಜನ ಅವರ ಹೆಸರು ಹೇಳುತ್ತಾರೆ? ಪ್ರಭಾವ ತೀರಾ ಜಾಸ್ತಿಯಾದಾಗ ಉಲ್ಲೇಖವೇ ನಿಂತುಬಿಡುತ್ತದೆ.

ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರ, ಅಪ್ಪಂಗಳದ ಏಲಕ್ಕಿ ವಿಜ್ಞಾನಿಗಳ ಮಾತು ಕೇಳಿ ಬೆಳೆಗಾರರೊಬ್ಬರು ತೋಟದಲ್ಲಿ ಏನೋ ಬದಲಿಸುತ್ತಾರೆ. ಅವರು ಅಡಿಟಿಪ್ಪಣಿ ಬರೆಯುವುದಿಲ್ಲ. ಹಾಗಾಗಿ ಕನ್ನಡ ಲೇಖನ, ಕರಪತ್ರ, ತರಬೇತಿ, ಪುಸ್ತಕ, ಇವನ್ನೆಲ್ಲ ತಾರೀಖಿನೊಂದಿಗೆ ಬೇರೆ ಪಟ್ಟಿ ಮಾಡಿ. ಯಾರಾದರೂ ಮೂಗು ಮುರಿದರೆ, ಸಂಶೋಧನೆಯನ್ನು ಅಂಕಿಗಳಿಂದ ಅಳೆಯುವಾಗ ಹೇಗಿರಬೇಕು ಅಂತ ತಜ್ಞರು ಬರೆದ 2015ರ 'ಲೈಡನ್ ಮ್ಯಾನಿಫೆಸ್ಟೋ' ತೋರಿಸಿ. ಅದರ ಹತ್ತು ಸೂತ್ರಗಳಲ್ಲಿ ಒಂದು, ಊರಿಗೆ ಬೇಕಾದ ಒಳ್ಳೆಯ ಸಂಶೋಧನೆಯನ್ನು ಕಾಪಾಡಿ ಅಂತಲೇ ಹೇಳುತ್ತದೆ.

10. ಒಂದು ಪುಟದಲ್ಲಿ ಬರೆಯಿರಿ

ಮೇಡಂ ಬರೆದ ಪುಟದ ಸಾರ ಹೀಗಿತ್ತು: "ಪೇಪರ್ 9. ಗೂಗಲ್ ಸ್ಕಾಲರ್‌ನಲ್ಲಿ ಉಲ್ಲೇಖ 95, ಎಚ್-ಇಂಡೆಕ್ಸ್ 5. ಸ್ವಂತ ಉಲ್ಲೇಖ ಕಳೆದರೆ 76 ಮತ್ತು 4. ತರಗೆಲೆ ತೂಗುವ ನನ್ನ ವಿಧಾನವನ್ನು ಹೊರದೇಶದ ತಂಡವೊಂದು ಬಳಸಿ ತಿದ್ದಿದೆ, ಪುಟದ ಪ್ರತಿ ಲಗತ್ತಿಸಿದೆ. ಸಸ್ಯ ಮತ್ತು ಮಣ್ಣಿನ ಎರಡು ಗುಂಪುಗಳ ಜೊತೆ ಕೆಲಸ. ಬೆಳೆಗಾರರಿಗೆ ಕನ್ನಡದಲ್ಲಿ ನಾಲ್ಕು ಲೇಖನ." ಮೇಲೆ ತಾರೀಖು.

ಅರ್ಜಿಯ ಕಾಲಂನಲ್ಲಿ 5 ಅಂತ ಬರೆದು, ಈ ಪುಟವನ್ನು ಹಿಂದೆ ಪಿನ್ ಹೊಡೆದು ಕಳಿಸಿದೆವು. ಹತ್ತು ದಿನಕ್ಕೆ ವಾಪಸ್ ಬಂತು, 'ಹೆಚ್ಚುವರಿ ಹಾಳೆ ಲಗತ್ತಿಸುವಂತಿಲ್ಲ' ಅಂತ ಕೆಂಪು ಶಾಯಿಯಲ್ಲಿ. ಅರ್ಜಿಯಲ್ಲೇ 'ಇತರೆ ಮಾಹಿತಿ' ಅಂತ ಎರಡು ಸಾಲಿನ ಜಾಗ ಇತ್ತು. ಮೇಡಂ ಸಣ್ಣ ಅಕ್ಷರದಲ್ಲಿ ಅಷ್ಟನ್ನೂ ಅಲ್ಲಿ ತುಂಬಿಸಿದರು. ತರಗೆಲೆಯ ವಾಕ್ಯ ಮೊದಲು ಬರಲಿ ಅಂದೆ. ಅದನ್ನೇ ಮೊದಲು ಬರೆದರು.